ಬಿಸಿ ಏರಿದ್ದಕ್ಕೆ ಕಾರಣ ಯಾವುದು: ತೋಟದವರಿಗೊಂದು ದೋಷ ಪತ್ತೆ ಕ್ರಮ

ಪಂಪು ನೀರೆತ್ತದಿದ್ದರೆ ಮೊದಲು ಫುಟ್‌ವಾಲ್ವ್ ನೋಡುತ್ತೇವೆ, ಆಮೇಲೆ ಪೈಪಿನ ಜಾಯಿಂಟು, ಗ್ಲ್ಯಾಂಡು. ಮೋಟಾರು ಬಿಚ್ಚುವುದು ಕೊನೆಗೆ. ಹವಾಮಾನದ ವಾದದಲ್ಲಿ ಮಾತ್ರ ಎಲ್ಲರೂ ಮೊದಲೇ ಮೋಟಾರಿಗೆ ಕೈ ಹಾಕುತ್ತಾರೆ. ಜಗಲಿಯಲ್ಲಿ ಕೂತ ಒಬ್ಬರು ಕಾಫಿ ಹೂವರಳಿಸುವ ಹೂಮಳೆ ತಪ್ಪಿದ್ದಕ್ಕೂ ಕಾರ್ಬನ್ನೇ, ಅಂದರೆ ಇಂಗಾಲದ ಡೈಆಕ್ಸೈಡ್ ಅನಿಲವೇ, ಕಾರಣ ಎನ್ನುತ್ತಾರೆ. ಇನ್ನೊಬ್ಬರು, ಗಾಳಿಯಲ್ಲಿ ನೂರಕ್ಕೆ 0.04 ಪಾಲು ಇರುವ ಅನಿಲ ಏನು ತಾನೇ ಮಾಡೀತು ಎಂದು ನಗುತ್ತಾರೆ. ಇಬ್ಬರ ಮಾತಿನಲ್ಲೂ ದೋಷವಿದೆ, ಆದರೆ ಸಮಸಮ ಅಲ್ಲ. ಎರಡನೆಯವರದು ಬುಡದಲ್ಲೇ ತಪ್ಪು. ಮೊದಲನೆಯವರು ಸರಿಯಾದ ಕಾರಣವನ್ನು ತಪ್ಪು ದೂರಿಗೆ ಅಂಟಿಸಿದ್ದಾರೆ.

ಆದ್ದರಿಂದ ದೂರನ್ನು ಮೊದಲು ಸರಿಯಾಗಿ ಬರೆದುಕೊಳ್ಳಿ. "ಹವಾಮಾನ ಕೆಟ್ಟಿದೆ" ಅನ್ನುವುದು ದೂರಲ್ಲ, ಗೊಣಗಾಟ. "ಈ ವರ್ಷ ಮಾರ್ಚಿನಲ್ಲಿ ಹೂಮಳೆ ಅರ್ಧ ಇಂಚೂ ಬರಲಿಲ್ಲ" ಎನ್ನುವುದು ಒಂದು ದೂರು. "ತೋಟದ ಹಿಂದಿನ ಬರೆ (ಕಡಿದಾದ ಮಣ್ಣಿನ ದಂಡೆ) ಜರಿಯಿತು" ಇನ್ನೊಂದು. "ಭೂಮಿಯ ಸರಾಸರಿ ಬಿಸಿ ನೂರೈವತ್ತು ವರ್ಷದಲ್ಲಿ ಒಂದು ಡಿಗ್ರಿಗೂ ಹೆಚ್ಚು ಏರಿದೆ" ಮೂರನೆಯದು. ಮೂರಕ್ಕೂ ತಪಾಸಣೆಯ ದಾರಿ ಬೇರೆ ಬೇರೆ.

ಮೊದಲ ತಪಾಸಣೆ: ಅಳತೆಯಲ್ಲೇ ದೋಷವಿದೆಯೇ?

ಕೊಡಗಿನಷ್ಟು ಮಳೆಯ ಲೆಕ್ಕ ಬರೆದಿಡುವ ಜಿಲ್ಲೆ ಕಡಿಮೆ. ಅನೇಕ ತೋಟಗಳಲ್ಲಿ ಅಜ್ಜನ ಕಾಲದ ರಿಜಿಸ್ಟರು ಇದೆ, ಇಂಚು–ಸೆಂಟಿನಲ್ಲಿ. ವಾದಕ್ಕೆ ಇದು ಒಳ್ಳೆಯ ಸಾಕ್ಷಿ, ಆದರೆ ಸಾಕ್ಷಿಯನ್ನೂ ಪರೀಕ್ಷಿಸಬೇಕು.

ಒಂದು ಇಂಚಿಗೆ ನೂರು ಸೆಂಟು, ಅಂದರೆ 25.4 ಮಿಲಿಮೀಟರ್. ಒಂದು ಸೆಂಟು ಸುಮಾರು ಕಾಲು ಮಿಲಿಮೀಟರ್. ತೋಟದ ಲೆಕ್ಕ ಬರೆಯುವ ರೈಟರ್ ಬದಲಾದ ವರ್ಷ ಸೆಂಟಿನ ಅಂಕಣದಲ್ಲಿ ಮಿಲಿಮೀಟರ್ ಬರೆದಿರುವುದುಂಟು. ಹಾಗಾದರೆ ಆ ವರ್ಷದ ಮಳೆ ಇದ್ದಕ್ಕಿದ್ದಂತೆ ಕಾಲುಭಾಗಕ್ಕೆ ಇಳಿದಂತೆ ಕಾಣುತ್ತದೆ. ಇದಕ್ಕಿಂತ ಮೋಸದ ದೋಷ ಅಳತೆ ಗ್ಲಾಸಿನದು. ಹವಾಮಾನ ಇಲಾಖೆಯ ಹಳೆಯ ಮಾದರಿಯ ಮಳೆಮಾಪಕದ ಬಾಯಿ 5 ಇಂಚು ಅಗಲ, ಅದರ ಅಂಚು ನೆಲದಿಂದ ಒಂದಡಿ ಎತ್ತರ. 5 ಇಂಚಿನ ಮಾಪಕದ ಗ್ಲಾಸು ಒಡೆದು ಹೋಗಿ, 8 ಇಂಚಿನದಕ್ಕೆ ಗುರುತು ಹಾಕಿದ ಗ್ಲಾಸನ್ನು ಬಳಸಿದರೆ, ಮಳೆ ಎರಡೂವರೆ ಪಟ್ಟು ಕಡಿಮೆ ಓದಿಸುತ್ತದೆ. ಬಾಯಿಯ ವಿಸ್ತೀರ್ಣದ ಅನುಪಾತ 64ಕ್ಕೆ 25. ಹತ್ತು ವರ್ಷ ಹೀಗೇ ಬರೆದ ಪುಸ್ತಕದಲ್ಲಿ ಹತ್ತು ವರ್ಷದ ಬರ ಕಾಣುತ್ತದೆ, ಆಕಾಶದಲ್ಲಿ ಇಲ್ಲದ್ದು.

ಇನ್ನು ಆಷಾಢದ ಮಳೆ. ಒಳಗಿನ ಬಾಟಲಿ ತುಂಬಿ ಹೊರಡಬ್ಬಿಗೆ ಚೆಲ್ಲಿದ ನೀರನ್ನು ಅಳೆಯದೆ ಎಸೆದರೆ, ಕಳೆದುಹೋಗುವುದು ದೊಡ್ಡ ಮಳೆಯ ದಿನಗಳೇ. ಜಡಿಮಳೆಯಲ್ಲಿ ಸಂಜೆಯೊಮ್ಮೆ ಬಾಟಲಿ ಖಾಲಿ ಮಾಡಿ ಬರೆದುಕೊಂಡು, ಬೆಳಿಗ್ಗೆ ಎಂಟೂವರೆಯ ಲೆಕ್ಕಕ್ಕೆ ಸೇರಿಸಬೇಕು. ಮಾಪಕದ ಪಕ್ಕ ಇಪ್ಪತ್ತಡಿ ಮರವಿದ್ದರೆ ಕನಿಷ್ಠ ನಲವತ್ತಡಿ ದೂರಕ್ಕೆ ಸರಿಸಿ. ನೆಟ್ಟಾಗ ಮೊಣಕಾಲೆತ್ತರವಿದ್ದ ಸಿಲ್ವರ್ ಓಕ್ ಈಗ ಎಷ್ಟಿದೆ ಎಂದು ಯಾರೂ ತಿರುಗಿ ನೋಡಿರುವುದಿಲ್ಲ.

ಥರ್ಮಾಮೀಟರಿನ ಕಥೆಯೂ ಹೀಗೇ. ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಬಾಗಿಲು ಉತ್ತರಕ್ಕೆ ಮಾಡಿ ಇಡಬೇಕು. ಬಂಗಲೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದು ಗೋಡೆಯ ಬಿಸಿ ತೋರಿಸುತ್ತದೆ. ಕಾಫಿ ಗಿಡದ ನಡುವೆ ಇಟ್ಟದ್ದಾದರೆ ಮರಗಸಿ ಮಾಡಿದ ದಿನವನ್ನೂ ಪಕ್ಕದಲ್ಲಿ ಬರೆದಿಡಿ: ನೆರಳು ತೆಗೆದ ವಾರವೇ ಮಧ್ಯಾಹ್ನದ ಉಷ್ಣತೆ ಒಮ್ಮೆಲೇ ಮೇಲೇರುತ್ತದೆ. ಮೆಟ್ಟಿಲಿನಂತೆ ಒಂದೇ ದಿನ ಏರಿದ್ದು ಸ್ಥಳದ ಬದಲಾವಣೆ. ಹವಾಮಾನದ ಬದಲಾವಣೆ ಮೆಟ್ಟಿಲಾಗಿ ಬರುವುದಿಲ್ಲ, ಏರುಪೇರಿನ ನಡುವೆ ಇಳಿಜಾರಾಗಿ ಬರುತ್ತದೆ. ಅದನ್ನು ಕಾಣಲು ಮೂವತ್ತು ವರ್ಷದ ಸರಾಸರಿ ಬೇಕು.

ಹಾಗಾದರೆ ಜಗತ್ತಿನ ಉಷ್ಣತೆಯ ಏರಿಕೆಯೂ ಇಂಥ ಗ್ಲಾಸಿನ ದೋಷವೇ? ಅಲ್ಲ. ನಗರಗಳಿಂದ ದೂರವಿರುವ ಠಾಣೆಗಳು, ಹಡಗು ಮತ್ತು ತೇಲುಬುರುಡೆಗಳು ಅಳೆದ ಕಡಲಿನ ಬಿಸಿ, ಉಪಗ್ರಹಗಳು, ಕರಗುತ್ತಿರುವ ಹಿಮನದಿಗಳು, ಇವಕ್ಕೆಲ್ಲ ಒಬ್ಬನೇ ರೈಟರ್ ಇಲ್ಲ. ಆದರೂ ಎಲ್ಲ ಒಂದೇ ದಿಕ್ಕು ತೋರಿಸುತ್ತವೆ. ಹೆಚ್ಚುವರಿ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಇಳಿದಿರುವುದು ಕಡಲಿಗೆ. ಅಲ್ಲಿ ಕಾಂಕ್ರೀಟು ಊರುಗಳಿಲ್ಲ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

ಎರಡನೆಯ ತಪಾಸಣೆ: ಗಾಳಿಯಲ್ಲಿ ಹೆಚ್ಚಿದ ಕಾರ್ಬನ್ ಯಾರದು?

ಹೆಚ್ಚಿದ್ದಂತೂ ಖಚಿತ. ಹಿಮದ ಪದರಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳಲ್ಲಿ, ಕೈಗಾರಿಕೆ ಶುರುವಾಗುವ ಮುಂಚೆ, ಹತ್ತು ಲಕ್ಷಕ್ಕೆ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ನೇರ ಅಳತೆ ಶುರುಮಾಡಿದಾಗ 315ರ ಹತ್ತಿರ. 2024ರಲ್ಲಿ ಸುಮಾರು 424.

ಇದು ಕಡಲಿನಿಂದ, ಕಾಡಿನಿಂದ ತಾನಾಗಿ ಬಂದದ್ದು ಎನ್ನುವವರಿಗೆ ಉಗ್ರಾಣದ ಲೆಕ್ಕ ಸಾಕು. ನೀವು ಒಂದು ವರ್ಷದಲ್ಲಿ ಗೋದಾಮಿಗೆ 40 ಚೀಲ ಕಾಫಿ ಹಾಕಿದ್ದೀರಿ. ವರ್ಷದ ಕೊನೆಗೆ ಎಣಿಸಿದರೆ 20 ಚೀಲ ಮಾತ್ರ ಹೆಚ್ಚಿದೆ. "ಈ 20 ಚೀಲ ಬೇರೆ ಯಾರೋ ತಂದಿಟ್ಟದ್ದು" ಎಂದರೆ ಲೆಕ್ಕ ನಿಲ್ಲುವುದಿಲ್ಲ, ಬೇರೆ ಯಾರೋ 20 ಚೀಲ ಒಯ್ದಿದ್ದಾರೆ ಅಷ್ಟೆ. ಗಾಳಿಯ ಲೆಕ್ಕವೂ ಹೆಚ್ಚುಕಡಿಮೆ ಇದೇ ಅಂಕಿ. ಕಲ್ಲಿದ್ದಲು, ಎಣ್ಣೆ, ಅನಿಲ, ಸಿಮೆಂಟು, ಕಾಡು ಕಡಿತ ಎಲ್ಲ ಸೇರಿ ಮನುಷ್ಯರು ವರ್ಷಕ್ಕೆ ಸುಮಾರು 40 ಶತಕೋಟಿ ಟನ್ ಬಿಡುತ್ತಾರೆ. ಹತ್ತು ಲಕ್ಷಕ್ಕೆ ಒಂದು ಪಾಲು ಏರಬೇಕಾದರೆ 7.8 ಶತಕೋಟಿ ಟನ್ ಬೇಕು. ವರ್ಷಕ್ಕೆ ಸುಮಾರು ಎರಡೂವರೆ ಪಾಲು ಏರುತ್ತಿದೆ, ಅಂದರೆ 20 ಶತಕೋಟಿ ಟನ್. ಉಳಿದ ಅರ್ಧವನ್ನು ಕಡಲು ಮತ್ತು ಕಾಡು ನುಂಗಿವೆ. ಪ್ರಕೃತಿ ಇಲ್ಲಿ ಒಯ್ಯುವ ಕೈ, ತರುವ ಕೈಯಲ್ಲ.

ಚೀಲದ ಮೇಲಿನ ಗುರುತೂ ಇದನ್ನೇ ಹೇಳುತ್ತದೆ. ಕಾರ್ಬನ್–14 ಎಂಬ ಬಗೆಯ ಕಾರ್ಬನ್ ತಾನಾಗಿ ಕ್ಷಯಿಸುತ್ತದೆ, ಅರ್ಧಕ್ಕೆ ಇಳಿಯಲು 5,730 ವರ್ಷ; ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಉಳಿದಿಲ್ಲ. ಕಲ್ಲಿದ್ದಲಿನ ಹೊಗೆ ಬೆರೆತಂತೆ ಗಾಳಿಯ ಕಾರ್ಬನ್–14 ತೆಳುವಾಗುವುದನ್ನು ಹ್ಯಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದರು. ಗಿಡಗಳು ಹಗುರ ಕಾರ್ಬನ್–12ನ್ನು ಆಯ್ದು ತಿನ್ನುತ್ತವೆ, ಕಲ್ಲಿದ್ದಲು ಎಂದರೆ ಹಳೆಯ ಗಿಡವೇ. ಹಾಗಾಗಿ ಗಾಳಿಯಲ್ಲಿ ತುಸು ಭಾರದ ಕಾರ್ಬನ್–13ರ ಪ್ರಮಾಣವೂ ಇಳಿಯುತ್ತಿದೆ. ಜ್ವಾಲಾಮುಖಿಯಿಂದ ಬಂದಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಮೂರನೆಯದಾಗಿ ಗಾಳಿಯ ಆಮ್ಲಜನಕ ಕೂಡ ತುಸುತುಸುವೇ ಇಳಿಯುತ್ತಿದೆ (ಉಸಿರಿಗೆ ತೊಂದರೆಯಾಗುವಷ್ಟಲ್ಲ). ಉರಿಯಲು ಆಮ್ಲಜನಕ ಬೇಕು. ಕಡಲಿನಿಂದ ಅನಿಲ ಎದ್ದು ಬಂದಿದ್ದರೆ ಅದು ಖರ್ಚಾಗಬೇಕಿರಲಿಲ್ಲ. ಕಡಲಿನಲ್ಲಿ ಕಾರ್ಬನ್ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ, ನೀರು ಆಮ್ಲದ ಕಡೆಗೆ ವಾಲುತ್ತಿದೆ.

"ನಾವು ಉಸಿರು ಬಿಡುವುದೂ ಅದೇ ಅನಿಲ ತಾನೇ?" ಹೌದು, ಆದರೆ ಆ ಕಾರ್ಬನ್ನು ಕಳೆದ ವರ್ಷ ಗದ್ದೆಯ ಭತ್ತ ಗಾಳಿಯಿಂದ ಎತ್ತಿಕೊಂಡದ್ದೇ. ತಿರುಗಿ ಗಾಳಿಗೆ ಹೋಯಿತು. ಡೀಸೆಲ್ ಹಾಗಲ್ಲ. ಒಂದು ಲೀಟರ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಸದಾಗಿ ಸೇರುತ್ತದೆ. ಒಂದು ಕಿಲೋಗೂ ಕಡಿಮೆ ತೂಗುವ ಎಣ್ಣೆಯಿಂದ ಅಷ್ಟು ಹೇಗೆ ಎಂದು ತಕರಾರು ಬರುತ್ತದೆ. ಗಾಳಿಯ ಆಮ್ಲಜನಕ ಅದಕ್ಕೆ ಕೂಡಿಕೊಳ್ಳುತ್ತದೆ, ತೂಕದ ಹೆಚ್ಚುಪಾಲು ಅದರದ್ದೇ.

ಇದರ ಜೊತೆ ತೋಟದವರದೇ ಒಂದು ವಾದ: "ನಮ್ಮ ಮರಗಳು ಎಲ್ಲ ಹೀರಿಕೊಳ್ಳುತ್ತವೆ." ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ವರ್ಷ ಹೊಸದಾಗಿ ಬೆಳೆದ ಮರದ ತೂಕ ಮಾತ್ರ. ಉದುರಿ ಕೊಳೆಯುವ ಎಲೆ ಜಮಾ–ಖರ್ಚು ಸರಿದೂಗಿಸುತ್ತದೆ. ಒಣಮರದ ತೂಕದಲ್ಲಿ ಅರ್ಧ ಕಾರ್ಬನ್. ಒಂದು ಟನ್ ಒಣಮರ ಬೆಳೆದರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಕಟ್ಟಿಹಾಕಿದಂತೆ, ಅಂದರೆ 680 ಲೀಟರ್ ಡೀಸೆಲ್ಲಿನ ಹೊಗೆಗೆ ಸಮ. ಒಳ್ಳೆಯ ಕೆಲಸವೇ. ಆದರೆ ಅದೇ ಸಿಲ್ವರ್ ಓಕ್ ಕಡಿದು ಸೌದೆ ಮಾಡಿದ ವರ್ಷ ಜಮಾ ಮಾಡಿದ್ದೆಲ್ಲ ಖರ್ಚಿನ ಕಡೆಗೆ ಬರುತ್ತದೆ.

ಮೂರನೆಯ ತಪಾಸಣೆ: ಹೆಚ್ಚಿದ್ದು ಬಿಸಿ ಮಾಡುವಷ್ಟು ದೊಡ್ಡದೇ?

0.04 ಪಾಲಿನ ನಗು ಇಲ್ಲಿ ಬರುತ್ತದೆ. ಕಾಫಿ ಕಾಯಿ ಉದುರದಂತೆ ಹೊಡೆಯುವ ಪ್ಲಾನೋಫಿಕ್ಸ್ 200 ಲೀಟರ್ ಬ್ಯಾರಲ್ಲಿಗೆ 50 ಮಿಲಿಲೀಟರ್. ನೂರಕ್ಕೆ 0.025 ಪಾಲು. ಅಷ್ಟು ಕಡಿಮೆ ಎಂದು ಯಾರೂ ಹೊಡೆಯದೆ ಬಿಡುವುದಿಲ್ಲ. ಆದರೆ ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ, ಭೌತಶಾಸ್ತ್ರವನ್ನೇ ನೋಡೋಣ.

ಒಣಗಾಳಿಯಲ್ಲಿ ನೂರಕ್ಕೆ 99 ಪಾಲು ಸಾರಜನಕ ಮತ್ತು ಆಮ್ಲಜನಕ. ನೆಲದಿಂದ ಮೇಲೇಳುವ ಶಾಖದ ಅವಕೆಂಪು ಕಿರಣಗಳಿಗೆ ಅವೆರಡೂ ಅಡ್ಡಿಯೇ ಅಲ್ಲ. ಹಾಗಾಗಿ "ಎಷ್ಟು ಪಾಲು" ಎಂಬ ಪ್ರಶ್ನೆಯೇ ತಪ್ಪು, "ಒಟ್ಟು ಎಷ್ಟು" ಎಂದು ಕೇಳಬೇಕು. ಭೂಮಿಯ ಸರಾಸರಿ ಹಿಡಿದರೆ ಪ್ರತಿ ಚದರ ಮೀಟರಿನ ಮೇಲೆ ಆಕಾಶದವರೆಗೆ ಸುಮಾರು ಆರೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ನಿಂತಿದೆ. ಒಂದು ಎಕರೆ ತೋಟದ ಮೇಲೆ 26 ಟನ್. ಅದರಲ್ಲಿ ಒಂಬತ್ತು ಟನ್ನಿನಷ್ಟು ಕೈಗಾರಿಕೆಯ ಕಾಲದಲ್ಲಿ ಸೇರಿದ್ದು.

ಈ ಅನಿಲ ಶಾಖವನ್ನು ಹಿಡಿಯುತ್ತದೆ ಎಂದು ಯೂನಿಸ್ ಫೂಟ್ 1856ರಲ್ಲಿ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ಗಮನಿಸಿದ್ದರು. ಜಾನ್ ಟಿಂಡಲ್ 1859ರಲ್ಲಿ ಶಾಖಕಿರಣಗಳ ಮೇಲೇ ಪ್ರಯೋಗ ಮಾಡಿ ಅಳೆದರು. ಸ್ವಾಂತೆ ಅರೇನಿಯಸ್ 1896ರಲ್ಲಿ, ಇದು ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಕೈಲೆಕ್ಕ ಹಾಕಿದರು. ಈಗಿನ ಲೆಕ್ಕದ ಸೂತ್ರ ಸರಳ: ಹೊಸ ಪ್ರಮಾಣವನ್ನು ಹಳೆಯದರಿಂದ ಭಾಗಿಸಿ, ಸ್ವಾಭಾವಿಕ ಲಾಗರಿದಮ್ ತೆಗೆದು, 5.35ರಿಂದ ಗುಣಿಸಿ. 424ನ್ನು 280ರಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 2.2 ವ್ಯಾಟ್ ಬರುತ್ತದೆ. ಹಗಲು ರಾತ್ರಿ, ಕಡಲು ಬೆಟ್ಟ ಎನ್ನದೆ ಭೂಮಿಯ ಪ್ರತಿ ಚದರ ಮೀಟರಿಗೆ.

ಸ್ವಲ್ಪ ಓದಿಕೊಂಡವರು ಇಲ್ಲಿ ಒಂದು ಒಳ್ಳೆಯ ತಕರಾರು ತೆಗೆಯುತ್ತಾರೆ: "ಆ ಕಿರಣವನ್ನು ಈಗಿರುವ ಅನಿಲವೇ ಪೂರ್ತಿ ಹಿಡಿದುಬಿಟ್ಟಿದೆ, ಇನ್ನಷ್ಟು ಹಾಕಿದರೆ ಏನೂ ಆಗದು." 1900ರ ಹೊತ್ತಿಗೇ ಕ್ನುಟ್ ಆಂಗ್‌ಸ್ಟ್ರಮ್ ಇದನ್ನು ಎತ್ತಿದ್ದರು. ನೆಲದ ಹತ್ತಿರ ಅದು ಬಹುಪಾಲು ನಿಜ. ಆದರೆ ಶಾಖ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುವುದು ನೆಲದಿಂದಲ್ಲ, ಗಾಳಿ ತೆಳುವಾಗುವ ಎತ್ತರದಿಂದ. ಅನಿಲ ಹೆಚ್ಚಿದಂತೆ ಆ ಎತ್ತರ ಮೇಲೆ ಸರಿಯುತ್ತದೆ. ಮೇಲಿನ ಗಾಳಿ ಇನ್ನೂ ತಣ್ಣಗಿರುವುದರಿಂದ ಕಡಿಮೆ ಶಾಖ ಸೂಸುತ್ತದೆ, ಒಳಬರುವ ಬಿಸಿಲಿಗೆ ಸರಿದೂಗುವವರೆಗೆ ಕೆಳಗಿನದೆಲ್ಲ ಬಿಸಿಯಾಗಲೇಬೇಕು. ಪರಿಣಾಮ ಲಾಗರಿದಮ್ಮಿನಂತೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇನ್ನೊಂದು: "ನೀರಾವಿ ಇದಕ್ಕಿಂತ ದೊಡ್ಡ ಹಸಿರುಮನೆ ಅನಿಲ." ನಿಜ, ಪುಷ್ಯ ಮಳೆಯ ಹೊತ್ತಿಗೆ ಕೊಡಗಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಗಾಳಿಗೆ ಸೇರಿದ ನೀರಾವಿ ಒಂಬತ್ತು ಹತ್ತು ದಿನದಲ್ಲಿ ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಎಷ್ಟು ಆವಿ ಹಿಡಿದಿಡಬಲ್ಲದು ಎಂಬುದನ್ನು ಉಷ್ಣತೆ ನಿರ್ಧರಿಸುತ್ತದೆ, ಡಿಗ್ರಿಗೆ ನೂರಕ್ಕೆ ಏಳರಷ್ಟು ಹೆಚ್ಚು. ಆವಿ ತಾನಾಗಿ ಬಿಸಿ ಶುರುಮಾಡುವುದಿಲ್ಲ, ಬೇರೆಯವರು ಶುರುಮಾಡಿದ್ದನ್ನು ಹೆಚ್ಚಿಸುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಶತಮಾನಗಳವರೆಗೆ ಗಾಳಿಯಲ್ಲೇ ಉಳಿಯುತ್ತದೆ.

ನಾಲ್ಕನೆಯ ತಪಾಸಣೆ: ಉಳಿದ ಶಂಕಿತರು

ಸೂರ್ಯ. 1978ರಿಂದ ಉಪಗ್ರಹಗಳು ನೇರವಾಗಿ ಅಳೆಯುತ್ತಿವೆ. ಚದರ ಮೀಟರಿಗೆ ಸುಮಾರು 1,361 ವ್ಯಾಟ್, ಹನ್ನೊಂದು ವರ್ಷದ ಚಕ್ರದಲ್ಲಿ ನೂರಕ್ಕೆ 0.1ರಷ್ಟು ಏರಿಳಿತ. ಭೂಮಿ ಗುಂಡಗಿರುವುದು, ಒಂದಷ್ಟು ಬಿಸಿಲು ಪ್ರತಿಫಲಿಸಿ ಹೋಗುವುದು ಎರಡನ್ನೂ ಕಳೆದರೆ ಉಳಿಯುವುದು ಕಾಲು ವ್ಯಾಟ್, ಅದೂ ಏರಿದ್ದು ಇಳಿಯುತ್ತದೆ. ಈ ಅವಧಿಯಲ್ಲಿ ಸೂರ್ಯ ಹೆಚ್ಚು ಪ್ರಖರವಾಗುತ್ತ ಹೋಗಿಲ್ಲ, ಭೂಮಿ ಮಾತ್ರ ಬಿಸಿಯಾಗುತ್ತ ಹೋಗಿದೆ.

ಸೂರ್ಯನನ್ನು ಪಕ್ಕಕ್ಕಿಡಲು ಇನ್ನೂ ಗಟ್ಟಿಯಾದ ಪರೀಕ್ಷೆ ಇದೆ. ಇಡೀ ತಪಾಸಣೆಯಲ್ಲಿ ಒಂದನ್ನೇ ನೆನಪಿಡಬೇಕೆಂದರೆ ಇದನ್ನು ಇಡಿ. ಬಿಸಿಲು ಹೆಚ್ಚಿದ್ದರಿಂದ ಭೂಮಿ ಕಾದಿದ್ದರೆ ಗಾಳಿಯ ಕೆಳಸ್ತರ, ಮೇಲ್ಸ್ತರ ಎರಡೂ ಕಾಯಬೇಕು. ಹಸಿರುಮನೆ ಅನಿಲದಿಂದ ಆದರೆ ಕೆಳಗೆ ಬಿಸಿ, ಮೇಲಿನ ಸ್ತರಗೋಳದಲ್ಲಿ ತಂಪು. ಅಳತೆಯಲ್ಲಿ ಸಿಕ್ಕಿರುವುದು ಎರಡನೆಯದು. ಓಝೋನ್ ಕಡಿಮೆಯಾದದ್ದೂ ಆ ತಂಪಿಗೆ ಒಂದಷ್ಟು ಕಾರಣ, ಆದರೆ ಓಝೋನ್ ಪ್ರಭಾವ ಕಡಿಮೆ ಇರುವ ಇನ್ನೂ ಮೇಲಿನ ಎತ್ತರದಲ್ಲೂ ಗಾಳಿ ತಣ್ಣಗಾಗಿದೆ. ಜೊತೆಗೆ ಜಗತ್ತಿನಾದ್ಯಂತ 20ನೇ ಶತಮಾನದ ನಡುವಿನಿಂದೀಚೆಗೆ ಹಗಲಿಗಿಂತ ರಾತ್ರಿಗಳು ಹೆಚ್ಚು ಬಿಸಿಯಾಗಿವೆ, ಇದೂ ಸೂರ್ಯನ ಗುಣವಲ್ಲ.

ಜ್ವಾಲಾಮುಖಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರದರ ನೂರನೇ ಒಂದು ಪಾಲಿನ ಆಸುಪಾಸು. 1991ರಲ್ಲಿ ಪಿನಾಟುಬೊ ಸಿಡಿದಾಗ ಮೌನಾ ಲೋವಾದ ಗೆರೆ ಜಿಗಿಯಲಿಲ್ಲ. ಭೂಮಿ ಒಂದೆರಡು ವರ್ಷ ಅರ್ಧ ಡಿಗ್ರಿಯಷ್ಟು ತಣ್ಣಗಾಯಿತು, ಗಂಧಕದ ಮಂಜಿನಿಂದ.

ಹಿಮಯುಗಗಳ ತಕರಾರಿಗೆ ಸ್ವಲ್ಪ ತಾಳ್ಮೆ ಬೇಕು. ಹಿಮಯುಗ ಮುಗಿಯುವಾಗ ಅಂಟಾರ್ಕ್ಟಿಕದಲ್ಲಿ ಮೊದಲು ಉಷ್ಣತೆ ಏರಿತು, ಇಂಗಾಲದ ಡೈಆಕ್ಸೈಡ್ ಹಿಂದೆ ಬಂತು ಎನ್ನುತ್ತಾರೆ. ಆಗ ಚಾಲನೆ ಕೊಟ್ಟದ್ದು ಭೂಮಿಯ ಕಕ್ಷೆಯ ಸಾವಿರಾರು ವರ್ಷಗಳ ಬದಲಾವಣೆ. ಬಿಸಿಯಾದ ಕಡಲು ಅನಿಲ ಬಿಟ್ಟಿತು, ಅನಿಲ ಬಿಸಿಯನ್ನು ಇನ್ನಷ್ಟು ಹೆಚ್ಚಿಸಿತು. ಕೋಳಿ ಮೊಟ್ಟೆಯಿಂದ ಬಂತು ಎಂದ ಮಾತ್ರಕ್ಕೆ ಕೋಳಿ ಮೊಟ್ಟೆ ಇಡುವುದಿಲ್ಲ ಎಂದಾಗುವುದಿಲ್ಲ. ಈ ಸಲ ಅನಿಲವೇ ಮೊದಲು ಬಂದಿದೆ. ಕಕ್ಷೆಯ ಈಗಿನ ಒಲವು ನಿಧಾನ ತಂಪಿನ ಕಡೆಗಿದೆ.

ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿ 2021ರಲ್ಲಿ ಕೊಟ್ಟ ತೀರ್ಪು: 1850–1900ರ ಸರಾಸರಿಗೆ ಹೋಲಿಸಿ 2010–2019ರ ಹೊತ್ತಿಗೆ ಮನುಷ್ಯರಿಂದ ಆದ ಏರಿಕೆ ಸುಮಾರು 1.07 ಡಿಗ್ರಿ. ಅಳತೆಯಲ್ಲಿ ಕಂಡ ಏರಿಕೆಯೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ವಾದ ಉಳಿದಿರುವುದು "ಎಷ್ಟು" ಎನ್ನುವುದರಲ್ಲಿ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ನಿಲ್ಲುವ ಬಿಸಿ ಎರಡೂವರೆ ಡಿಗ್ರಿಯೋ ನಾಲ್ಕೋ? ಮೋಡಗಳು ಹೇಗೆ ವರ್ತಿಸುತ್ತವೆ ಎಂಬುದು ಇದರ ಕಗ್ಗಂಟು. ವಾದ ಮಾಡುವ ಆಸೆ ಇರುವವರು ಅಲ್ಲಿ ಮಾಡಬಹುದು, ಜಾಗ ಬೇಕಾದಷ್ಟಿದೆ.

ಮತ್ತೆ ಕೊಡಗಿನ ದೂರುಗಳಿಗೆ

ಹೂಮಳೆ ತಪ್ಪಿದ ವರ್ಷ. ರೋಬಸ್ಟಾ ಕಾಫಿಯ ಮೊಗ್ಗು ಅರಳಲು ಒಂದರಿಂದ ಒಂದೂವರೆ ಇಂಚು ಮಳೆ, ಆಮೇಲೆ ಎರಡು ಮೂರು ವಾರದೊಳಗೆ ಅದಕ್ಕೆ ಬೆಂಬಲವಾಗಿ ಇನ್ನೊಂದು ಮಳೆ (ಬ್ಯಾಕಿಂಗ್ ಮಳೆ) ಬೇಕು. ಫೆಬ್ರವರಿ–ಮಾರ್ಚಿನ ಈ ಮಳೆ ಗುಡುಗಿನ ಮೋಡಗಳದು. ಗೋಣಿಕೊಪ್ಪಕ್ಕೆ ಬಿದ್ದದ್ದು ಪೊನ್ನಂಪೇಟೆಗೆ ಬೀಳದಿರಬಹುದು. ಭಾಗಮಂಡಲದ ಕಡೆ ವರ್ಷಕ್ಕೆ ಸುರಿಯುವುದರ ಕಾಲುಭಾಗವೂ ಕುಶಾಲನಗರಕ್ಕೆ ಸಿಗುವುದಿಲ್ಲ. ಇಂಥ ಜಿಲ್ಲೆಯಲ್ಲಿ ಒಂದು ತೋಟದ ಒಂದು ವರ್ಷ ಕಾರ್ಬನ್ನಿನ ಪರವೂ ಅಲ್ಲ, ವಿರೋಧವೂ ಅಲ್ಲ. 2023ರಲ್ಲಿ ರಾಜ್ಯದ ಬಹುಭಾಗ ಬರ ಕಂಡಿತು, ಆಗ ಪೆಸಿಫಿಕ್ಕಿನಲ್ಲಿ ಕಡಲ ನೀರು ಬಿಸಿಯಾಗುವ ಎಲ್ ನಿನ್ಯೊ ಎದ್ದಿತ್ತು ಎಂಬುದನ್ನು ಮೊದಲು ಬರೆದುಕೊಳ್ಳಿ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಕಾರ್ಬನ್ ವಾದ ಮುಗಿಯುವವರೆಗೆ ಕಾಯಬೇಕಿಲ್ಲ.

ಮಳೆಗಾಲದ ಮಳೆ ಕಡಿಮೆಯಾಗಿದೆ ಎಂಬ ದೂರಿಗೆ ಆಧಾರವಿದೆ. 1951ರಿಂದ 2015ರೊಳಗೆ ದೇಶದ ಮುಂಗಾರು ನೂರಕ್ಕೆ ಆರರಷ್ಟು ಕುಗ್ಗಿದೆ, ಗಂಗಾ ಬಯಲು ಮತ್ತು ಪಶ್ಚಿಮಘಟ್ಟದಲ್ಲಿ ಎದ್ದು ಕಾಣುವಂತೆ, ಎಂದು ಅದೇ 2020ರ ವರದಿ ಹೇಳುತ್ತದೆ. ಆದರೆ ಅದರ ಕಾರಣದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಹೊಗೆ, ಮಸಿ, ಗಂಧಕದ ಕಣಗಳ ಪಾಲು ದೊಡ್ಡದು. ಅವು ಬಿಸಿಲನ್ನು ತಡೆದು ನೆಲವನ್ನು ತಂಪಾಗಿಸುತ್ತವೆ. ಮನುಷ್ಯನ ಕೈ ಇದೆ, ಅನಿಲ ಬೇರೆ. ಅದೇ ರೀತಿ, ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿಮಳೆ 1950ರಿಂದೀಚೆಗೆ ಮೂರು ಪಟ್ಟಾಗಿದೆ ಎಂಬ 2017ರ ಅಧ್ಯಯನವನ್ನು ಹಾಗೇ ತಂದು ಸೋಮವಾರಪೇಟೆಗೆ ಅಂಟಿಸಬೇಡಿ.

ಗುಡ್ಡ ಜರಿದದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಇಲ್ಲಿ ಎರಡು ಲೆಕ್ಕಪುಸ್ತಕ ಇಡಬೇಕು. ಒಂದರಲ್ಲಿ ಮಳೆ: ಜರಿಯುವ ಮುಂಚಿನ ಏಳು ದಿನಗಳ ಒಟ್ಟು ಇಂಚು, ಕೊನೆಯ 24 ಗಂಟೆಯದು ಬೇರೆ. ಬಿಸಿ ಗಾಳಿ ಹೆಚ್ಚು ಆವಿ ಹೊರುವುದರಿಂದ ಅತಿಮಳೆಯ ಕಡೆಗೆ ತಕ್ಕಡಿ ವಾಲುತ್ತದೆ, ಕಾರ್ಬನ್ನಿನ ಪಾಲು ಬರುವುದಾದರೆ ಈ ಪುಸ್ತಕಕ್ಕೆ ಮಾತ್ರ. ಇನ್ನೊಂದು ಪುಸ್ತಕ ಇಳಿಜಾರಿನದು. ಬರೆಯ ಬುಡವನ್ನು ಜೆಸಿಬಿ ಎಷ್ಟು ಅಡಿ ನೆಟ್ಟಗೆ ಕತ್ತರಿಸಿದೆ, ಮೇಲಿನ ತೋಡು ಮುಚ್ಚಿದೆಯೇ, ರಸ್ತೆಯ ಚರಂಡಿಯ ನೀರು ಎಲ್ಲಿ ಬಿಡುತ್ತದೆ, ಇಂಗುಗುಂಡಿ ಕಡಿದಾದ ಜಾಗದ ನೆತ್ತಿಯಲ್ಲಿದೆಯೇ, ಬೇರು ಆಳಕ್ಕೆ ಹೋಗುವ ಕಾಡುಮರ ಎಷ್ಟು ಉಳಿದಿದೆ. ಈ ಪುಸ್ತಕದ ಬಾಕಿಯನ್ನು ಮಳೆಯ ಪುಸ್ತಕಕ್ಕೆ ವರ್ಗಾಯಿಸುವುದು ಹಲವರಿಗೆ ಅನುಕೂಲ; ವರ್ಗಾಯಿಸಬಾರದು.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಬರೆಯ ಮೇಲಂಚಿನಿಂದ ಹಿಂದಕ್ಕೆ ಮೂವತ್ತಡಿ ನಡೆದು ಬಿರುಕು ಹುಡುಕಿ. ಸಿಕ್ಕರೆ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ, ನೀರಿಳಿಯದಂತೆ ಜೇಡಿಮಣ್ಣು ತುಂಬಿ ಪ್ಲಾಸ್ಟಿಕ್ ಹೊದಿಸಿ. ಜಡಿಮಳೆಯ ದಿನಗಳಲ್ಲಿ ಅಂತರ ಬೆಳೆಯುತ್ತಿದ್ದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಮಳೆ ಸುರಿಯುತ್ತಿರುವಾಗಲೇ ಬತ್ತಿದರೆ, ಅಳೆಯುತ್ತ ನಿಲ್ಲದೆ ಕೆಳಗಿನ ಕಾರ್ಮಿಕರ ಲೈನ್ ಮನೆಗಳನ್ನು ಖಾಲಿ ಮಾಡಿಸಿ.